ಅವನೊಬ್ಬ ಲಾಯರನ್ನು ಹಿಡಿಯಲಿ

ಜನವರಿ 14, ಮಂಗಳವಾರ

ಬೆಳಿಗ್ಗೆಯಿಂದ ಕ್ಲಿನಿಕ್ಕಿನಲ್ಲಿ ಬೆಕ್ಕುಗಳದೇ ದರ್ಬಾರು. ಒಂದಕ್ಕೆ ಹಲ್ಲುನೋವು, ಒಂದಕ್ಕೆ ಭೇದಿ, ಮೂರನೆಯದಕ್ಕೆ ಏನೂ ಇಲ್ಲ, ಬರೀ ಸಿಟ್ಟು. ಫೋನ್ ಎತ್ತಿದೆ, ಬಿಲ್ ಹಾಕಿದೆ, ಕೌಂಟರ್ ಒರೆಸಿದೆ. ಊಟದ ಹೊತ್ತಿಗೆ ಜೋಲೀನ್ ತನ್ನ ಬುರಿಟೋದಲ್ಲಿ ಅರ್ಧ ಮುರಿದು ನನ್ನ ಕಡೆ ತಳ್ಳಿ, ಡೈವೋರ್ಸಿಗೆ ಲಾಯರ್ ಗೊತ್ತು ಮಾಡಿಕೊಂಡೆಯಾ ಎಂದು ಕೇಳಿದಳು. ಡಾಕ್ಟರು ಸೂಜಿ ಚುಚ್ಚುವಾಗ ಪ್ರಾಣಿಗಳನ್ನು ಅದುಮಿ ಹಿಡಿಯುವುದು ಅವಳ ಕೆಲಸ. ಮೂರು ಗಂಡಂದಿರನ್ನು ಬಿಟ್ಟವಳು. ಮೂರು ಸಲವೂ ಲಾಯರ್ ಇಟ್ಟಿದ್ದಳು.

ಇಲ್ಲ ಎಂದೆ. ನನ್ನ ಗಂಡ ವೆಂಡೆಲ್ ನಿನ್ನೆ ಲಾಂಡ್ರಿ ಅಂಗಡಿಯ ಗೋಡೆಯಿಂದ ಒಂದು ಚೀಟಿ ಹರಿದು ತಂದಿದ್ದಾನೆ. ಬ್ರಾಡ್ ಸ್ಟ್ರೀಟಿನಲ್ಲಿ ಡೈವೋರ್ಸ್ ಪತ್ರ ಬರೆದುಕೊಡುವ ಹೆಂಗಸು. ಲಾಯರ್ ಅಲ್ಲ. ಗಂಡ ಹೆಂಡತಿ ಹೇಳಿದ್ದನ್ನು ಟೈಪ್ ಮಾಡಿ ಕೋರ್ಟಿಗೆ ಹಾಕುತ್ತಾಳೆ, ಅಷ್ಟೇ. ಖರ್ಚೂ ಕಡಿಮೆ.

"ಜಗಳಾನೇ ಇಲ್ವಲ್ಲ ಕೋರಿನ್, ಲಾಯರ್ ಯಾಕೆ?" ಅಂದ.

ಜಗಳವೇ ಇಲ್ಲ. ಅದೇ ಅಲ್ಲವೇ ರೋಗ. ಕ್ರಿಸ್‌ಮಸ್ಸಿಗೆ ಮುಂಚೆ ಒಂದು ರಾತ್ರಿ ಊಟಕ್ಕೆ ಕೂತಾಗ ಏನೋ ಸಿಟ್ಟಿನಲ್ಲಿ ಡೈವೋರ್ಸ್ ಬೇಕು ಅಂದುಬಿಟ್ಟೆ. ಬೇರೆಯವನಾಗಿದ್ದರೆ ತಟ್ಟೆ ಎಸೆಯುತ್ತಿದ್ದ. ಇವನು ಫೋರ್ಕ್ ಕೆಳಗಿಟ್ಟು, "ನಿಂಗೆ ಹಾಗನ್ಸಿದ್ರೆ ಸರಿ" ಅಂದ. ಆಮೇಲೆ ಫೋರ್ಕ್ ಎತ್ತಿಕೊಂಡು ತಟ್ಟೆಯಲ್ಲಿದ್ದ ಬೀನ್ಸ್ ಮುಗಿಸಿದ. ಸರಿ ಅಂದದ್ದನ್ನು ಮರೆಯಬಹುದು. ಬೀನ್ಸ್ ಮುಗಿಸಿದ್ದನ್ನು ಸಾಯುವವರೆಗೂ ಮರೆಯುವುದಿಲ್ಲ.

ಜನವರಿ 17, ಶುಕ್ರವಾರ

ಹೇಗಿರುತ್ತೆ ನೋಡೋಣ ಎಂದು ಲಾಯರ್ ಪ್ರೂಯಿಟ್ ಹತ್ತಿರ ಹೋಗಿ ಬಂದೆ. ಮೊದಲ ಅರ್ಧ ಗಂಟೆ ಪುಕ್ಕಟೆ. ಬೋಳುತಲೆ, ಮೇಜಿನ ಮೇಲೆ ಪೆಪ್ಪರ್‌ಮಿಂಟ್ ಬಟ್ಟಲು. ಏನು ಬೇಕು ಎಂದ. ಎಲ್ಲಾ ಎಂದೆ. ನಕ್ಕ.

ಈ ರಾಜ್ಯದಲ್ಲಿ ಮದುವೆಯಾದ ಮೇಲೆ ಕೂಡಿಸಿದ್ದು ಅರ್ಧ ನಿಮ್ಮದು, ಅರ್ಧ ಅವರದು, ಎಲ್ಲ ಕೇಳಿದರೆ ಇದೇನು ಎಂಬಂತೆ ಜಡ್ಜ್ ನನ್ನ ಮುಖ ನೋಡುತ್ತಾರೆ ಎಂದ. ಆಮೇಲೆ, ನಿಮ್ಮ ಯಜಮಾನರು ಲಾಯರ್ ಇಟ್ಟಿದ್ದಾರಾ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ನಿಮಗೂ ಅಷ್ಟೇನೂ ಬೇಕಾಗಲಿಕ್ಕಿಲ್ಲ ಅಂದುಬಿಟ್ಟ, ಪೆಪ್ಪರ್‌ಮಿಂಟ್ ತಗೊಳ್ಳಿ ಅನ್ನುವ ದನಿಯಲ್ಲಿ.

ಕಾರಿನಲ್ಲಿ ಕೂತು ಅತ್ತೆ. ಊರಿನಲ್ಲಿ ಒಬ್ಬೊಬ್ಬ ಗಂಡ ಸಾಲ ಮಾಡಿ ಹೆಂಡತಿಯ ಮೇಲೆ ಲಾಯರ್ ಬಿಡುತ್ತಾನೆ. ಜೋಲೀನಳ ಎರಡನೆಯವನು ಟ್ರ್ಯಾಕ್ಟರ್ ಮಾರಿ ಹೋರಾಡಿದ. ನನ್ನ ಗಂಡನಿಗೆ ನಾನು ಒಬ್ಬ ಲಾಯರನ್ನು ಇಡುವಷ್ಟೂ ಬೆಲೆಯಿಲ್ಲದವಳು.

ನನಗೆ ಮನೆ ಬೇಕಿಲ್ಲ. ಗಾಡಿ ಬೇಕಿಲ್ಲ. ಅವನು ಒಂದು ಸಲ, ಒಂದೇ ಸಲ, ಮೇಜು ಗುದ್ದಿ 'ಬಿಡಲ್ಲ' ಎನ್ನಬೇಕು. ಇಲ್ಲಿ ಬರೆಯುತ್ತೇನೆ, ಬಾಯಿಬಿಟ್ಟು ಮಾತ್ರ ಹೇಳಲಾರೆ.

ಹಾಗಾದರೆ ಪತ್ರ ಬರೆಯುವವಳೇ ಸರಿ. ಪ್ರೂಯಿಟ್ ನನ್ನನ್ನು ತಡೆಯುತ್ತಾನೆ. ಅವಳು ತಡೆಯುವ ಹಾಗಿಲ್ಲ. ಏನು ಹೇಳಿದರೂ ಬರೆಯಬೇಕು. ಎಷ್ಟು ಕಿತ್ತುಕೊಂಡರೆ ಈ ಗಂಡಸು ಎದ್ದು ಹೋಗಿ ಲಾಯರನ್ನು ಹಿಡಿಯುತ್ತಾನೆ, ನೋಡೇಬಿಡುತ್ತೇನೆ.

ಜನವರಿ 22, ಬುಧವಾರ

ಬುಧವಾರ ಗಣಿಯಲ್ಲಿ ವೆಂಡೆಲ್‌ಗೆ ರಜೆ. ಡೀಲಿಯಾ ಸ್ಕೂಲಿನಿಂದ ಬಂದದ್ದೇ ಇಬ್ಬರೂ ಬೆಟ್ಟಕ್ಕೆ ಹೋಗಿ ಕಲ್ಲು ಆರಿಸಿ ತಂದರು. ಈಗ ಗ್ಯಾರೇಜಿನಲ್ಲಿ ಕಲ್ಲು ಕೊಯ್ಯುವ ಚಕ್ರದ ಸದ್ದು. ಊಟಕ್ಕೆ ಕರೆದರೆ ಕೇಳಿಸುವುದಿಲ್ಲ.

ಡೀಲಿಯಾ ನನ್ನ ಮಗಳು. ಅವಳನ್ನು ಹುಟ್ಟಿಸಿದವನು ಹೆರಿಗೆಗೆ ಮುಂಚೆಯೇ ಓಟ ಕಿತ್ತಿದ್ದ. ವೆಂಡೆಲ್ ಬಂದಾಗ ಎರಡು ವರ್ಷದವಳು, ಈಗ ಹನ್ನೊಂದು. ಅಪ್ಪ ಅನ್ನುವುದಿಲ್ಲ, ವೆಂಡ್ ಅನ್ನುತ್ತಾಳೆ. ಆದರೆ ಆ 'ವೆಂಡ್' ಅನ್ನುವುದರಲ್ಲಿ ಇರುವುದು ನನ್ನನ್ನು 'ಅಮ್ಮ' ಅನ್ನುವುದರಲ್ಲಿ ಇಲ್ಲ.

ಹೋಗಿ ಬಾಗಿಲಲ್ಲಿ ನಿಂತೆ. ಒದ್ದೆ ಕಲ್ಲನ್ನು ಬಲ್ಬಿಗೆ ಹಿಡಿದು ಇಬ್ಬರೂ ನೋಡುತ್ತಿದ್ದರು. ಅವಳ ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಏನು ಅಂತ ಕೇಳಿದೆ. ಏನಿಲ್ಲ ಅಂದರು, ಇಬ್ಬರೂ ಒಟ್ಟಿಗೆ. ನಾನು ಹೋಗಲಿ ಎಂದು ಕಾಯುತ್ತಿದ್ದರು. ಹೋದೆ.

ಜನವರಿ 28, ಮಂಗಳವಾರ

ಪತ್ರ ಬರೆಯುವವಳ ಹೆಸರು ಮಿಸೆಸ್ ಕ್ವಿಂಟಾನಾ. ಕೆಳಗೆ ತಮಾಲೆ ಅಂಗಡಿ, ಮೇಲೆ ಇವಳ ಆಫೀಸು, ರೂಮಿಗೆಲ್ಲ ಮುಸುಕಿನ ಜೋಳದ ಹಿಟ್ಟು ಬೆಂದ ವಾಸನೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬೋರ್ಡು: ನಾನು ವಕೀಲಳಲ್ಲ, ಸಲಹೆ ಕೊಡುವಂತಿಲ್ಲ. ನನಗೆ ಆ ಬೋರ್ಡು ತುಂಬಾ ಹಿಡಿಸಿತು.

ಮನೆ ನನಗೆ ಎಂದೆ. ಟೈಪ್ ಮಾಡಿದಳು. ಎರಡೂ ಗಾಡಿ ನನಗೆ. ಟೈಪ್ ಮಾಡಿದಳು. ಅವನ ಪಿಂಚಣಿಯಲ್ಲಿ ಅರ್ಧ, ನನ್ನದರಲ್ಲಿ ಅವನಿಗೆ ಏನೂ ಇಲ್ಲ. ಅಲ್ಲಿ ಅವಳ ಬೆರಳುಗಳು ನಿಂತವು.

"ಇದನ್ನೇ ಬರೀಲಾ?"

ಬರೆಯಿರಿ ಎಂದೆ. ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ನನ್ನ ತಾಯಿ ಹಾಗೆ ನೋಡುತ್ತಿದ್ದಳು. ಆದರೆ ಇವಳ ಬಾಯಿಗೆ ಸರ್ಕಾರವೇ ಬೀಗ ಹಾಕಿದೆ. ಎಷ್ಟು ಸುಖ ಗೊತ್ತಾ, ಎದುರಿಗೆ ಕೂತವರಿಗೆ ಎಲ್ಲ ಗೊತ್ತಿದ್ದು ಏನೂ ಹೇಳಲಾಗದೆ ಇರುವುದು.

ಫೆಬ್ರವರಿ 3, ಸೋಮವಾರ

ಇವತ್ತು ಮಿಸೆಸ್ ಕ್ವಿಂಟಾನಾ ಆ ಪತ್ರವನ್ನು ವೆಂಡೆಲ್‌ಗೆ ಓದಿ ಹೇಳಿದಳು. ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಉಗುರಿನಲ್ಲಿ ಗ್ರೀಸು. ಮನೆ — ಸರಿ. ಗಾಡಿಗಳು — ಸರಿ. ಗಣಿಗೆ ಹೇಗೆ ಹೋಗುತ್ತೀರಿ ಎಂದು ಮಿಸೆಸ್ ಕ್ವಿಂಟಾನಾ ಬಾಯಿ ತಪ್ಪಿ ಕೇಳಿದಳು, ಆಮೇಲೆ ತುಟಿ ಕಚ್ಚಿಕೊಂಡಳು. ಯಾರಾದರೂ ಹತ್ತಿಸಿಕೊಂಡು ಹೋಗುತ್ತಾರೆ ಎಂದ. ಪಿಂಚಣಿ — ಸರಿ. ಕೋಲೆ ಬಸವನ ಹಾಗೆ ತಲೆಯಾಡಿಸುತ್ತಾ ಹೋದ.

ಮೈಯೆಲ್ಲ ಉರಿಯಿತು. ಗ್ಯಾರೇಜಿನ ಚಕ್ರ, ಗರಗಸ, ಕಲ್ಲುಗಳು, ಅವೂ ನನಗೇ, ಸೇರಿಸಿ ಎಂದೆ. ನನಗೆ ಆ ಚಕ್ರವನ್ನು ಆನ್ ಮಾಡಲೂ ಬರುವುದಿಲ್ಲ. ಅವನು ತಲೆ ಎತ್ತಿದ. ಈಗ ಬರುತ್ತೆ, ಈಗ ಬಂತು ಎಂದುಕೊಂಡೆ. ಎದೆ ಹೊಡೆದುಕೊಳ್ಳುತ್ತಿತ್ತು, ಹುಡುಗಿಯ ಹಾಗೆ.

"ಸರಿ, ಬರ್ಕೊಳ್ಳಿ," ಅಂದ.

ಮನೆಗೆ ಬರುವಾಗ ನಾನೇ ಗಾಡಿ ಓಡಿಸಿದೆ. ಪಕ್ಕದಲ್ಲಿ ಕೂತು, ನಾಳೆ ಗಾಳಿ ಜಾಸ್ತಿ ಇರುತ್ತಂತೆ ಎಂದ.

ಫೆಬ್ರವರಿ 6, ಗುರುವಾರ, ತಡರಾತ್ರಿ

ಸಹಿ ಹಾಕುವ ದಿನ. ಬೇಗ ಬರೆದುಬಿಡಬೇಕು, ಇಲ್ಲದಿದ್ದರೆ ಬಣ್ಣ ಹೋಗಿಬಿಡುತ್ತದೆ.

ನಾನು ಹಾಕಿದೆ. ಅವನ ಕೈಗೆ ಪೆನ್ ಕೊಟ್ಟರು. ಹಾಳೆ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ, ಇನ್ನೊಂದು ಸಲ ಮೊದಲಿಂದ. ಏನೋ ಬಿದ್ದುಹೋಗಿದೆ ಎಂದು ಹುಡುಕುವವನ ಹಾಗೆ.

"ಇದ್ರಲ್ಲಿ ಡೀಲಿಯಾ ಎಲ್ಲಿ?"

ಮಿಸೆಸ್ ಕ್ವಿಂಟಾನಾ ಮೆಲ್ಲಗೆ ಹೇಳಿದಳು: ಈ ಪತ್ರದಲ್ಲಿ ಇಬ್ಬರಿಗೂ ಹುಟ್ಟಿದ ಮಕ್ಕಳನ್ನು ಮಾತ್ರ ಕೇಳುತ್ತಾರೆ, ನಿಮಗೆ ಅಂಥ ಮಕ್ಕಳು ಇಲ್ಲ ಎಂದು ಹೇಳಿದ್ದೀರಿ, ಹಾಗೇ ಬರೆದಿದ್ದೇನೆ. ಹಾಗಾದರೆ ನನ್ನ ಬುಧವಾರ ಎಲ್ಲಿ ಬರೆಯುವುದು ಎಂದ. ಅವಳು ಹಾಳೆಗಳ ಅಂಚು ಸರಿಮಾಡಿದಳು. ಬರೆಯಲು ದಾರಿ ಇದೆಯೋ ಇಲ್ಲವೋ ಅಷ್ಟಾದರೂ ಹೇಳಿ ಎಂದ. ಅವಳು ಬೋರ್ಡಿನ ಕಡೆ ನೋಡಿದಳು, ಅವನ ಕಡೆ ನೋಡಿದಳು.

"ಅದನ್ನ ನನ್ನ ಕೇಳ್ಬೇಡಿ ಸರ್. ಲಾಯರನ್ನ ಕೇಳಿ. ದಯವಿಟ್ಟು ಇವತ್ತೇ ಕೇಳಿ."

ಆಗ ಅವನು ನನ್ನ ಕಡೆ ತಿರುಗಿದ. ಬುಧವಾರ ಅವಳನ್ನು ನನ್ನ ಜೊತೆ ಬಿಡುತ್ತೀಯಲ್ಲ ಎಂದು ಕೇಳಿದ. ಬಿಡುತ್ತೇನೆ ಅನ್ನಬಹುದಿತ್ತು, ಏನು ಗಂಟು ಹೋಗುತ್ತಿತ್ತು. ಆದರೆ ಅವನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು, ಮನೆ ಹೋಗುತ್ತದೆ ಅಂದಾಗ ಬಾರದ ಹೆದರಿಕೆ, ನಾನು ಹೋಗುತ್ತೇನೆ ಅಂದಾಗ ಬಾರದ ಹೆದರಿಕೆ.

"ಅವಳು ನಿನ್ನ ಮಗಳಲ್ಲ ವೆಂಡೆಲ್. ನಿನಗೆ ಅವಳು ಏನೂ ಆಗಬೇಕಿಲ್ಲ," ಎಂದೆ.

ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ಟೋಪಿ ಹಾಕಿಕೊಂಡ. ಸಹಿ ಹಾಕದೆ ಮೆಟ್ಟಿಲಿಳಿದು ಹೋದ, ನಡೆದುಕೊಂಡೇ.

ಕಾರಿನಲ್ಲಿ ಕೂತು ನಗು ತಡೆಯಲಾಗಲಿಲ್ಲ. ಎದ್ದು ಹೋದ! ಲಾಯರ್ ಹತ್ತಿರ ಹೋಗುತ್ತಾನೆ. ಇನ್ನು ಜಗಳವಾಡುತ್ತಾನೆ. ಕೆಳಗಿನ ಅಂಗಡಿಯಿಂದ ಒಂದು ಡಜನ್ ತಮಾಲೆ ಕಟ್ಟಿಸಿಕೊಂಡು ಬಂದೆ, ಹಬ್ಬದ ಹಾಗೆ. ಅವನು ರಾತ್ರಿ ಬರಲಿಲ್ಲ, ಗಣಿಯ ಗೆಳೆಯನ ಮನೆಯಲ್ಲಿ ಉಳಿದನಂತೆ. ಡೀಲಿಯಾ ಒಂದು ತಿಂದಳು.

ಫೆಬ್ರವರಿ 20, ಗುರುವಾರ

ಬಂತು. ಮೇಸಾ ಊರಿನ ಲಾಯರಿಂದ, ಯಾವಳೋ ಹುಡುಗಿ. ಗಣಿಯ ಗೆಳೆಯರು ಕೈ ಸೇರಿಸಿ ದುಡ್ಡು ಕೊಟ್ಟಿದ್ದಾರಂತೆ. ದಪ್ಪ ಲಕೋಟೆ. ಕ್ಲಿನಿಕ್ಕಿನ ಹಿಂದೆ ನಾಯಿಗಳ ಗೂಡುಗಳ ಹತ್ತಿರ ನಿಂತು ಒಡೆದೆ. ಹಳೆಯ ಪ್ರೇಮಪತ್ರ ಓದಿದಂತೆ ನಿಧಾನವಾಗಿ ಓದೋಣ ಎಂದುಕೊಂಡಿದ್ದೆ.

ಮನೆ ಅವಳಿಗೇ ಇರಲಿ, ನನ್ನ ತಕರಾರಿಲ್ಲ. ಗಾಡಿಗಳು, ತಕರಾರಿಲ್ಲ. ಪಿಂಚಣಿ, ತಕರಾರಿಲ್ಲ. ಡೈವೋರ್ಸ್ ಆದಷ್ಟು ಬೇಗ ಆಗಲಿ. ಇಷ್ಟು ಒಂದು ಹಾಳೆ. ಉಳಿದ ಎಂಟು ಹಾಳೆಯೂ ಡೀಲಿಯಾ. ತಂದೆಯ ಸ್ಥಾನದಲ್ಲಿ ನಿಂತು ಸಾಕಿದವನು ಭೇಟಿಗೆ ಅವಕಾಶ ಕೇಳಬಹುದು ಎಂದು ಕಾನೂನಿನಲ್ಲಿ ಇದೆಯಂತೆ. ಬುಧವಾರ ಮಧ್ಯಾಹ್ನ, ಹುಟ್ಟುಹಬ್ಬ, ಬೇಸಿಗೆಯಲ್ಲಿ ಎರಡು ವಾರ. ಅವಳಿಗೆ ಕಾಮಾಲೆಯಾದಾಗ ರಾತ್ರಿ ಯಾರು ಎದ್ದು ಕೂತಿದ್ದು, ಸೈಕಲ್ ಯಾರು ಕಲಿಸಿದ್ದು, ಯಾವ ಟೀಚರ್ ಹೆಸರೇನು. ಮಾತೇ ಆಡದವನು ಎಂಟು ಹಾಳೆ ಮಾತಾಡಿದ್ದಾನೆ.

ನನ್ನ ಹೆಸರು ಅದರಲ್ಲಿ 'ತಾಯಿ' ಎಂದಿದೆ.

ಎದುರು ಕಕ್ಷಿದಾರಳಾಗಿ ಕೂಡ ನಾನು ಅವನಿಗೆ ಬೇಕಾಗಿಲ್ಲ. ಆಗಲಿ. ಒಂದು ಬುಧವಾರವನ್ನೂ ಕೊಡುವುದಿಲ್ಲ.

ಮಾರ್ಚ್ 11, ಮಂಗಳವಾರ

ಕಳೆದ ವಾರ ಮತ್ತೆ ಪ್ರೂಯಿಟ್. ಈ ಸಲ ಪುಕ್ಕಟೆ ಅಲ್ಲ. ಪತ್ರ ಓದಿ, ಇದೇನು ಮಹಾ, ಬುಧವಾರ ಕೊಟ್ಟುಬಿಡಿ, ನಾಳೆಯೇ ಮುಗಿಯುತ್ತೆ, ಎಲ್ಲ ನಿಮ್ಮದೇ ಎಂದ. ಮುಗಿಯುವುದು ಬೇಡ ಎಂದೆ. ಪೆಪ್ಪರ್‌ಮಿಂಟ್ ಬಾಯಲ್ಲಿಟ್ಟುಕೊಂಡು ನನ್ನನ್ನು ನೋಡಿದ.

ಇವತ್ತು ಮೊದಲನೇ ವಿಚಾರಣೆ. ನೀಲಿ ಬ್ಲೌಸ್ ಹಾಕಿಕೊಂಡು ಹೋದೆ. ವೆಂಡೆಲ್ ನನ್ನ ಎದುರಿಗೇ, ಮೇಜಿನ ಆ ಕಡೆ. ತೆಳ್ಳಗಾಗಿದ್ದಾನೆ. ಅಂಗಿಗೆ ಸರಿಯಾಗಿ ಇಸ್ತ್ರಿಯಿಲ್ಲ. ಒಂದು ಗಂಟೆ ಹೊತ್ತು ಅವನು ಬೇರೆಲ್ಲೂ ಹೋಗುವ ಹಾಗಿರಲಿಲ್ಲ, ಗ್ಯಾರೇಜಿಲ್ಲ, ಬೆಟ್ಟವಿಲ್ಲ. ನಾನು ಮಾತಾಡಿದಾಗ ಕೇಳಿಸಿಕೊಳ್ಳಲೇ ಬೇಕಿತ್ತು. ಒಂಬತ್ತು ವರ್ಷದಲ್ಲಿ ಇಷ್ಟು ಹೊತ್ತು ನನ್ನನ್ನು ನೋಡಿದವನೇ ಅಲ್ಲ.

ಪ್ರೂಯಿಟ್‌ಗೆ ಮುಂದಿನ ತಾರೀಖು ಕೇಳಿ ಎಂದೆ. ಕೊಟ್ಟರು.

ಏಪ್ರಿಲ್ 24, ಗುರುವಾರ

ಈ ತಿಂಗಳು ಎರಡು ಸಲ ಕೋರ್ಟು. ಒಂದು ಸಲ ಡೀಲಿಯಾಗೆ ಜ್ವರ ಅಂದೆ, ಇರಲಿಲ್ಲ. ಒಂದು ಸಲ ಹಳೇ ಕಾಗದ ತರಬೇಕು ಅಂದೆ, ಬೇಕಿರಲಿಲ್ಲ. ತಾರೀಖಿನ ಮೇಲೆ ತಾರೀಖು. ಅವನು ಗಣಿಯಲ್ಲಿ ರಜೆ ಹಾಕಿ ಹಾಕಿ ಬರುತ್ತಾನೆ. ಬಂದು ಕೂರುತ್ತಾನೆ.

ಕೇಸು ಮುಗಿಯುವವರೆಗೆ ವೆಂಡೆಲ್ ಡೀಲಿಯಾಳನ್ನು ನೋಡುವಂತಿಲ್ಲ ಎಂದು ನಾನೇ ಹಟ ಹಿಡಿದು ಕೋರ್ಟಿನಿಂದ ಆಜ್ಞೆ ತಂದದ್ದು. ಬುಧವಾರ ಬಂದರೆ ಅವಳು ಗ್ಯಾರೇಜಿನಲ್ಲಿ ದೀಪ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದಳು. ನೋಡಲಾಗಲಿಲ್ಲ. ಚಕ್ರವನ್ನು ಕ್ಲಿನಿಕ್ಕಿಗೆ ಬರುವ ಒಬ್ಬನಿಗೆ ಕೊಟ್ಟುಬಿಟ್ಟೆ. ಬಕೆಟ್ಟಿನ ಕಲ್ಲನ್ನೆಲ್ಲ ಡ್ರೈವ್‌ವೇಯ ಜಲ್ಲಿಗೆ ಸುರಿದೆ. ವೆಂಡೆಲ್ ಹೇಳಿದ, ಬಿಸಾಕು ಅಂತ, ಎಂದು ಅವಳಿಗೆ ಹೇಳಿದೆ. ಅವಳು ನಂಬಲಿಲ್ಲ. ಕತ್ತಲಾಗುವವರೆಗೂ ಜಲ್ಲಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಆರಿಸುತ್ತಿದ್ದಳು. ನಾನು ಕಿಟಕಿ ಪರದೆ ಎಳೆದೆ.

ಜೋಲೀನ್ ಈಗ ಬುರಿಟೋ ಒಬ್ಬಳೇ ತಿನ್ನುತ್ತಾಳೆ. ಇವತ್ತು ಒಂದು ಮುದಿ ಗ್ರೇಹೌಂಡನ್ನು ಹಿಡಿದುಕೊಂಡಿದ್ದವಳು ನನ್ನ ಮುಖ ನೋಡದೆ ಹೇಳಿದಳು:

"ನಾನು ಮೂರು ಸಲ ಲಾಯರ್ ಇಟ್ಟೆ ಕೋರಿನ್. ಮೂರು ಸಲಾನೂ ಗಂಡನ್ನ ಬಿಡೋಕೆ ಇಟ್ಟೆ."

ಬಿಲ್ ಹಾಕಬೇಕಿತ್ತು, ಹಾಕಿದೆ.

ಜೂನ್ 5, ಗುರುವಾರ

ಮಗುವಿನ ಮನಸ್ಸು ತಿಳಿಯಬೇಕು ಎಂದು ಜಡ್ಜ್ ಹೇಳಿದ್ದರಿಂದ ಕೋರ್ಟಿನ ಒಬ್ಬ ಅಧಿಕಾರಿಣಿ ಇವತ್ತು ಡೀಲಿಯಾಳ ಜೊತೆ ಮಾತಾಡಿದಳು. ವಾರವಿಡೀ ತಯಾರಿ ಮಾಡಿಸಿದ್ದೆ. ಅವನು ಕೂಗಾಡುತ್ತಿದ್ದ ಅನ್ನು. (ಅವನು! ಕೂಗಾಡಿದ್ದರೆ ನಾವು ಇಲ್ಲಿರುತ್ತಿದ್ದೆವಾ.) ಚಕ್ರದ ಹತ್ತಿರ ಕೂರಿಸಿ ಅಪಾಯ ಮಾಡುತ್ತಿದ್ದ ಅನ್ನು. ನೀನು ಹೇಳದಿದ್ದರೆ ಅಮ್ಮನಿಗೆ ಯಾರೂ ಇರುವುದಿಲ್ಲ ಅಂದೆ. ಕೊನೆಯದು ಸುಳ್ಳಲ್ಲ.

ಒಳಗೆ ಏನು ಹೇಳಿದಳೋ ಗೊತ್ತಿಲ್ಲ. ಹೊರಗೆ ಬಂದವಳು ಪಾರ್ಕಿಂಗಿನಲ್ಲಿ ನನ್ನ ಕಾರಿನ ಚಕ್ರದ ಪಕ್ಕ ವಾಂತಿ ಮಾಡಿಕೊಂಡಳು. ಬೆನ್ನು ನೀವಲು ಹೋದೆ, ಸರಿದುಕೊಂಡಳು. ರಸ್ತೆಯ ಆ ಕಡೆ ವೆಂಡೆಲ್ ಯಾರದೋ ಟ್ರಕ್ಕಿಗೆ ಒರಗಿ ನಿಂತಿದ್ದ. ದಾಟಿ ಬರುವ ಹಾಗಿಲ್ಲ, ಕೋರ್ಟಿನ ಆಜ್ಞೆ. ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ.

ಮುಂದಿನ ವಿಚಾರಣೆ ಆಗಸ್ಟಿನಲ್ಲಿ.

ಆಗಸ್ಟ್ 13, ಬುಧವಾರ

ಗೆದ್ದೆ.

ಪ್ರೂಯಿಟ್ ಕ್ಲಿನಿಕ್ಕಿಗೇ ಫೋನ್ ಮಾಡಿದ. ವೆಂಡೆಲ್ ಅರ್ಜಿ ವಾಪಸ್ ತೆಗೆದುಕೊಂಡಿದ್ದಾನೆ. ಬುಧವಾರ, ಹುಟ್ಟುಹಬ್ಬ, ಬೇಸಿಗೆ, ಎಲ್ಲ. ಅವನ ಲಾಯರಿಗೂ ಯಾಕೆ ಎಂದು ಹೇಳಿಲ್ಲವಂತೆ. ಡೈವೋರ್ಸಿಗೆ ಜಡ್ಜ್ ಸಹಿ ಆಗಿದೆ. ನಾನು ಕೇಳಿದ್ದೆಲ್ಲ ಕೇಳಿದ ಹಾಗೇ. ಇನ್ನು ನೀವು ಬರುವುದು ಬೇಕಾಗಿಲ್ಲ ಎಂದ, ಒಳ್ಳೆಯ ಸುದ್ದಿ ಎನ್ನುವ ದನಿಯಲ್ಲಿ.

ಹತ್ತೊಂಬತ್ತನೇ ತಾರೀಖು ವಿಚಾರಣೆ ಇತ್ತಲ್ಲ ಎಂದೆ. ರದ್ದಾಯಿತು ಎಂದ. ಅವನು ಬರುತ್ತಾನಾ ಎಂದು ಕೇಳಿದೆ. ಯಾರು ಎಂದ.

ಫೋನ್ ಇಟ್ಟ ಮೇಲೆ ಒಬ್ಬ ಮುದುಕಿ ಕೌಂಟರಿಗೆ ಬಂದು, ನನ್ನ ಬೆಕ್ಕಿನ ಔಷಧಿ ಎಂದಳು. ಯಾವ ಬೆಕ್ಕು ಎಂದು ಅವಳ ಮೇಲೆ ರೇಗಿದೆ. ಅದು ಅವಳ ಕೈಯಲ್ಲೇ ಇತ್ತು.

ಸೆಪ್ಟೆಂಬರ್ 3, ಬುಧವಾರ, ಬೆಳಿಗ್ಗೆ

ಮೂರು ವಾರದಿಂದ ನನ್ನ ಜೊತೆ ಡೀಲಿಯಾಳದು ಅಗತ್ಯವಿದ್ದಷ್ಟೇ ಮಾತು. ಹೌದು, ಇಲ್ಲ, ಬಸ್ ಬಂತು. ವೆಂಡೆಲ್‌ನಿಂದ ಕಲಿತದ್ದು. ಇವತ್ತು ತಡೆಯಲಾಗಲಿಲ್ಲ. ಅರ್ಜಿ ವಾಪಸ್ ತೆಗೆದುಕೊಂಡು ಅವನು ಸಹಿ ಹಾಕಿದ್ದ ಹಾಳೆ ತಂದು ಅವಳ ಸೀರಿಯಲ್ ಬಟ್ಟಲಿನ ಪಕ್ಕ ಇಟ್ಟೆ. ಅವಳಿಗೂ ಒಂದಿಷ್ಟು ಉರಿಯಲಿ. ನಾನೊಬ್ಬಳೇ ಯಾಕೆ ಉರಿಯಬೇಕು.

"ನೋಡು. ನಾನು ಬಿಡಿಸ್ಲಿಲ್ಲ. ಅವನೇ ನಿನ್ನ ಬಿಟ್ಟ," ಎಂದೆ.

ಪೂರ್ತಿ ಓದಿದಳು. ಅಗಿಯುತ್ತಾ ಓದಿದಳು. ಹಾಲು ಹನಿಯದಂತೆ ಹಾಳೆಯನ್ನು ಆಚೆ ಸರಿಸಿದಳು.

"ಗೊತ್ತು. ನಾನೇ ಹೇಳಿದ್ದು."

ಏನು ಹೇಳಿದ್ದು ಎಂದೆ.

"ವೆಂಡ್‌ಗೆ. ಆಗಸ್ಟಲ್ಲಿ ಸ್ಕೂಲ್ ಶುರುವಾದ ವಾರ ಅಲ್ಲಿನ ಆಫೀಸಿಂದ ಫೋನ್ ಮಾಡಿ, ಬಿಟ್ಬಿಡು ಅಂದೆ. ಅವನು ತುಂಬಾ ಹೊತ್ತು ಅತ್ತ. ಆಮೇಲೆ ಸರಿ ಅಂದ."

ಯಾಕೆ ಎಂದು ಕೇಳಿದೆ. ಅವಳು ಎದ್ದು ಬಟ್ಟಲು ತೊಳೆದಳು, ಚಮಚ ತೊಳೆದಳು, ಕೈ ಒರೆಸಿಕೊಂಡಳು. ಸಿಟ್ಟಿರಲಿಲ್ಲ ದನಿಯಲ್ಲಿ. ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ ಹೇಳಿದಳು.

"ನೀನು ನಿಲ್ಲಿಸ್ತಿರ್ಲಿಲ್ಲ ಅಮ್ಮ. ಕೋರ್ಟ್ ಇರೋ ದಿನ ಬೆಳಿಗ್ಗೆ ನೀನು ಹಾಡ್ತಿದ್ದೆ. ಬೇರೆ ಯಾವತ್ತೂ ಹಾಡಲ್ಲ."

ಬ್ಯಾಗ್ ಏರಿಸಿಕೊಂಡು ಹೋದಳು. ಬಾಗಿಲನ್ನು ದಡಾರನೆ ಹಾಕಲೂ ಇಲ್ಲ.

ಹಾಡುತ್ತಿದ್ದೆನಂತೆ. ಸುಳ್ಳು. ನನಗೆ ಒಂದು ಹಾಡೂ ಪೂರ್ತಿ ಬರುವುದಿಲ್ಲ. ಮಕ್ಕಳು ಏನು ಬೇಕಾದರೂ ಕಟ್ಟುತ್ತಾರೆ. ಕೋರ್ಟಿನ ದಿನ ಬೆಳಿಗ್ಗೆ ಏನು ಮಾಡುತ್ತಿದ್ದೆ, ಎಲ್ಲರೂ ಮಾಡುವುದೇ. ಬ್ಲೌಸಿಗೆ ಇಸ್ತ್ರಿ, ಕಾಫಿ, ಕನ್ನಡಿಯ ಮುಂದೆ ಕೂದಲು. ಬಚ್ಚಲ ಬಾಗಿಲು ಹಾಕಿರುತ್ತಿತ್ತು. ನಲ್ಲಿ ಬಿಟ್ಟಿರುತ್ತಿದ್ದೆ. ಅವನು ಇವತ್ತು ಯಾವ ಅಂಗಿ ಹಾಕಿಕೊಂಡು ಬರುತ್ತಾನೋ ಎಂದುಕೊಳ್ಳುತ್ತಾ, ಕ್ಲಿಪ್ಪು ಹಲ್ಲಿನಲ್ಲಿ ಕಚ್ಚಿಕೊಂಡು, ಮೆಲ್ಲಗೆ —